ಅಮಾನತ್ ಎಂಬ ಒಂದು ಪದ: ಇಸ್ಲಾಮಿನ ಆಡಳಿತ, ಹಣಕಾಸಿನ ಟಿಪ್ಪಣಿ

ಈ ವಿಷಯ ಓದಲು ಕೂತಾಗ ಅರಬ್ಬಿ ಪದಗಳ ರಾಶಿ ನೋಡಿಯೇ ನನಗೆ ತಲೆ ಕೆಟ್ಟಿತ್ತು. ಆಮೇಲೆ ಒಂದೇ ಪದ ಹಿಡಿದುಕೊಂಡೆ: ಅಮಾನತ್. ಅಂದರೆ ನಂಬಿ ಒಪ್ಪಿಸಿದ ವಸ್ತು. ಎಲ್ಲದರ ಒಡೆಯ ದೇವರು, ಮನುಷ್ಯ ಉಸ್ತುವಾರಿ ನೋಡುವವನು. ಆಳುವವನ ಅಧಿಕಾರಕ್ಕೂ ಇದೇ ಲೆಕ್ಕ, ವ್ಯಾಪಾರಿಯ ದುಡ್ಡಿಗೂ ಇದೇ ಲೆಕ್ಕ.

ಮೊದಲು ಆಡಳಿತ. ಖುರ್‌ಆನಿನ 42ನೇ ಅಧ್ಯಾಯದ ಹೆಸರೇ ಶೂರಾ, ಅಂದರೆ ಸಮಾಲೋಚನೆ. ವಿಶ್ವಾಸಿಗಳು ತಮ್ಮ ವ್ಯವಹಾರಗಳನ್ನು ಪರಸ್ಪರ ಕೇಳಿಕೊಂಡು ನಡೆಸುತ್ತಾರೆ ಎಂದು ಅದರ 38ನೇ ವಚನ ಹೇಳುತ್ತದೆ. ಯಾರನ್ನು ಕೇಳಬೇಕು, ಎಷ್ಟು ಜನರನ್ನು ಕೇಳಬೇಕು ಎಂಬ ವಿವರ ಅಲ್ಲಿಲ್ಲ. ಹಾಗಾಗಿ ಪ್ರವಾದಿ ಮುಹಮ್ಮದರ ನಂತರ ಆಳಿದ ಮೊದಲ ನಾಲ್ವರು ಖಲೀಫರು ಒಂದೇ ದಾರಿಯಲ್ಲಿ ಬರಲಿಲ್ಲ. 632ರಲ್ಲಿ ಅಬೂಬಕರ್ ಅವರನ್ನು ಒಂದು ಸಭೆ ಆರಿಸಿತು. ಉಮರ್ ಅವರನ್ನು ಅಬೂಬಕರ್ ಸೂಚಿಸಿದರು. ಉಸ್ಮಾನ್ ಅವರನ್ನು ಆರು ಜನರ ಸಮಿತಿ ಆರಿಸಿತು. ಉಸ್ಮಾನ್ ಕೊಲೆಯಾದ ಮೇಲೆ ಮದೀನಾದ ಜನ ಅಲಿ ಅವರಿಗೆ ನಿಷ್ಠೆಯ ಪ್ರಮಾಣ ಮಾಡಿದರು. ಇದು ಸುನ್ನಿ ನೋಟ. ಅಲಿ ಅವರನ್ನು ಪ್ರವಾದಿಯೇ ನೇಮಿಸಿದ್ದರು ಎಂಬುದು ಶಿಯಾ ನೋಟ. 661ರ ನಂತರವಂತೂ ವಂಶದ ಆಳ್ವಿಕೆ ಶುರುವಾಯಿತು. ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ ‘ಇಸ್ಲಾಮಿನ ಚುನಾವಣಾ ಪದ್ಧತಿ’ ಅಂತ ಸುಮ್ನೆ ಬರೆದುಬಿಡಬೇಡಿ.

ಖಜಾನೆಗೆ ಬೈತುಲ್ ಮಾಲ್ ಎನ್ನುತ್ತಾರೆ. ಇಲ್ಲಿ ನನಗೆ ತುಂಬ ಹಿಡಿಸಿದ್ದು ಇರಾಕಿನ ಸವಾದ್ ಎಂಬ ಫಲವತ್ತಾದ ಭೂಮಿಯ ಜಗಳ. ಗೆದ್ದ ನೆಲವನ್ನು ನಮಗೆ ಹಂಚಿ ಎಂದು ಸೈನಿಕರು ಕೇಳಿದರು. ಉಮರ್ ಒಪ್ಪಲಿಲ್ಲ. ಈಗಲೇ ಹಂಚಿಬಿಟ್ಟರೆ ಮುಂದೆ ಹುಟ್ಟುವವರಿಗೆ ಏನು ಉಳಿಯುತ್ತದೆ ಎಂಬುದು ಅವರ ವಾದ. ನೆಲ ಉಳುವವರ ಬಳಿಯೇ ಉಳಿಯಿತು. ಅದರ ಮೇಲೆ ಖರಾಜ್ ಎಂಬ ಕಂದಾಯ ಬಿತ್ತು, ಆ ದುಡ್ಡು ಖಜಾನೆಗೆ ಬಂತು. ಸಂಪತ್ತು ಸಿರಿವಂತರ ನಡುವೆಯೇ ಸುತ್ತುತ್ತಿರಬಾರದು ಎಂಬ ಖುರ್‌ಆನಿನ 59:7ರ (59ನೇ ಅಧ್ಯಾಯ, 7ನೇ ವಚನ) ಮಾತನ್ನು ಈ ಪ್ರಸಂಗದ ಜೊತೆ ಇಟ್ಟು ಓದಿ.

ಜಕಾತ್, ಅಂದರೆ ಕಡ್ಡಾಯ ದಾನದ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಒಂದು ಕಡೆ. ಶೇ. 2.5 ಎಂಬುದು ಸಂಬಳದ ಮೇಲಿನ ತೆರಿಗೆ ಎಂದುಕೊಳ್ಳುತ್ತಾರೆ. ಚಿನ್ನ, ಹಣ, ಮಾರಾಟದ ಸರಕು ನಿಸಾಬ್ ಎಂಬ ಮಿತಿ ಮುಟ್ಟಿ, ಒಂದು ಚಾಂದ್ರಮಾನ ವರ್ಷ ನಮ್ಮಲ್ಲೇ ಉಳಿದರೆ ಕೊಡಬೇಕಾದ ಪಾಲು ಅದು. ಚಿನ್ನದ ಮಿತಿ 20 ದಿನಾರ್, ಈಗಿನ ತೂಕದಲ್ಲಿ ಸುಮಾರು 85 ಗ್ರಾಂ. ಬೆಳೆಯ ಲೆಕ್ಕ ಬೇರೆ: ಮಳೆ ನೀರಿನ ಬೆಳೆಗೆ ಶೇ. 10, ದುಡಿದು ನೀರು ಹಾಯಿಸಿದ ಬೆಳೆಗೆ ಶೇ. 5. ಬೆವರಿಗೆ ರಿಯಾಯಿತಿ ಸಿಕ್ಕಿದೆ ನೋಡಿ! ಈ ಹಣ ಯಾರಿಗೆ ಹೋಗಬೇಕು ಎಂದು 9:60ರಲ್ಲಿ ಎಂಟು ವರ್ಗಗಳ ಪಟ್ಟಿ ಇದೆ. ಬಡವರು, ಸಾಲಗಾರರು, ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕರು ಅದರಲ್ಲಿದ್ದಾರೆ. ಅರಮನೆಯ ಖರ್ಚು ಇಲ್ಲ.

ಇನ್ನು ರಿಬಾ, ಅಂದರೆ ಬಡ್ಡಿ. ‘ವ್ಯಾಪಾರವೂ ಬಡ್ಡಿಯ ಹಾಗೇ ಅಲ್ವಾ?’ ಎಂಬ ಪ್ರಶ್ನೆ ನಮ್ಮ ಕಾಲದ್ದು ಎಂದುಕೊಂಡಿದ್ದೆ. 2:275ರಲ್ಲಿ ಆ ಆಕ್ಷೇಪವೇ ದಾಖಲಾಗಿದೆ. ದೇವರು ವ್ಯಾಪಾರಕ್ಕೆ ಅನುಮತಿ ಕೊಟ್ಟು ಬಡ್ಡಿಯನ್ನು ನಿಷೇಧಿಸಿದ್ದಾನೆ ಎಂಬುದು ಅಲ್ಲಿನ ಉತ್ತರ.

ಲೆಕ್ಕ ಹಾಕಿ ನೋಡೋಣ. ನೀವು 100 ದಿನಾರ್ ಸಾಲ ಕೊಟ್ಟು 110 ಕೇಳಿದರೆ, ಸಾಲ ಪಡೆದವನ ಸರಕು ಮುಳುಗಿದರೂ ನಿಮ್ಮ 10 ಭದ್ರ. ಮುದಾರಬ ಎಂಬ ಪಾಲುದಾರಿಕೆಯಲ್ಲಿ ಹಾಗಿಲ್ಲ. ನಿಮ್ಮದು ಬಂಡವಾಳ, ಅವನದು ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತೀರಿ. ನಷ್ಟವಾದರೆ, ಅವನ ತಪ್ಪಿಲ್ಲದಿದ್ದಲ್ಲಿ, ದುಡ್ಡು ಹೋಗುವುದು ನಿಮ್ಮದೇ. ಅವನಿಗೆ ಪಟ್ಟ ಶ್ರಮ ನಷ್ಟ. ಅಪಾಯ ಹೊರದೆ ಲಾಭ ಬೇಡ ಎಂಬುದು ಇದರ ಒಳಗಿನ ಮಾತು.

ಇವತ್ತಿನ ಇಸ್ಲಾಮಿಕ್ ಬ್ಯಾಂಕುಗಳ ಕಥೆ ಸ್ವಲ್ಪ ಗೋಜಲು. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಊರಿನಲ್ಲಿ ಒಂದು ಉಳಿತಾಯ ಬ್ಯಾಂಕ್ ಈ ದಾರಿ ಹಿಡಿಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಶುರುವಾಯಿತು. ಆದರೆ ಈಗ ಹೆಚ್ಚು ಓಡುವುದು ಮುರಾಬಹ. ನಿಮಗೆ ಬೇಕಾದ ಯಂತ್ರವನ್ನು ಬ್ಯಾಂಕೇ ಕೊಂಡು, ತನ್ನ ಲಾಭ ಎಷ್ಟೆಂದು ಹೇಳಿ, ಕಂತಿನ ಮೇಲೆ ನಿಮಗೆ ಮಾರುತ್ತದೆ. ಇದು ವೇಷ ಹಾಕಿದ ಬಡ್ಡಿ ಎಂದು ಟೀಕಿಸುವ ಮುಸ್ಲಿಂ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಎಷ್ಟೋ ಕಡೆ ಆ ಟೀಕೆ ಸರಿ ಎಂದೇ ನನಗೂ ಅನಿಸುತ್ತದೆ. ಒಪ್ಪಂದ ಓದುವಾಗ ನಾನು ಹುಡುಕುವುದು ಒಂದನ್ನೇ: ನಿಮ್ಮ ಕೈಗೆ ಬರುವ ಮುಂಚೆ ಆ ಯಂತ್ರ ಸುಟ್ಟುಹೋದರೆ ನಷ್ಟ ಯಾರದ್ದು?