ಮಿಲಿಟ್ರಿ ಮನೆಗೆ ಯಾರು ಹೋಗಬೇಕು?

"ಅವ್ರಿಗೇನು ಬಿಡಿ, ಮಿಲಿಟ್ರಿಯವ್ರು. ಎಲ್ಲಾ ಸರ್ಕಾರಾನೇ ನೋಡ್ಕೊಳ್ಳುತ್ತೆ."

ಸೋಮವಾರಪೇಟೆ ಕಡೆಯ ಹಳ್ಳಿಗಳಲ್ಲಿ ಈ ಮಾತು ನನಗೆ ತಿಂಗಳಿಗೆ ಎರಡು ಸಲವಾದರೂ ಕೇಳಿಸುತ್ತದೆ. ಹಾಸಿಗೆ ಹಿಡಿದ ವಯಸ್ಸಾದವರನ್ನು ಮನೆಗೇ ಹೋಗಿ ನೋಡುವ ತಂಡದಲ್ಲಿ ನಾನು ಸಮಾಜ ಕಾರ್ಯಕರ್ತೆ. ನರ್ಸ್ ಗಾಯ ತೊಳೆಯುತ್ತಿದ್ದರೆ ನಾನು ಮನೆಯವರ ಹತ್ತಿರ ಕೂತು ಮಾತಾಡುತ್ತೇನೆ, ಟ್ರಂಕಿನಲ್ಲಿರುವ ಕಾಗದಗಳನ್ನು ತೆಗೆಸಿ ನೋಡುತ್ತೇನೆ. ಕೊಡಗು ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ. ಮಾಜಿ ಸೈನಿಕರಿಲ್ಲದ ಊರು ಇಲ್ಲಿ ಕಡಿಮೆ. 1971ರ ಯುದ್ಧದ ಹೊತ್ತಿಗೆ ಇಪ್ಪತ್ತೆರಡರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ.

ಆ ಒಂದು ಮಾತಿನಿಂದಲೇ ಇವರಲ್ಲಿ ಎಷ್ಟೋ ಜನ ಒಂಟಿಯಾಗುತ್ತಾರೆ. ಆಶಾ ಕಾರ್ಯಕರ್ತೆ ಬಿಪಿ, ಶುಗರ್ ನೋಡಲು ಬಂದಾಗ ಆ ಮನೆ ದಾಟಿ ಮುಂದೆ ಹೋಗುತ್ತಾರೆ, ಅವರಿಗೆ ಬೇರೆ ಆಸ್ಪತ್ರೆ ಇದೆಯಲ್ಲ ಅಂತ. ಮನೆಯಲ್ಲಿ ಯಾರಾದರೂ ನೋಡಿಕೊಳ್ಳುತ್ತಿರಬೇಕು ಎಂಬುದು ಮಾಜಿ ಸೈನಿಕರ ಆಸ್ಪತ್ರೆಯಾದ ಪಾಲಿಕ್ಲಿನಿಕ್‌ನವರ ಲೆಕ್ಕ. ಅಪ್ಪನ ಹತ್ತಿರ ಅಲ್ಲಿನ ಕಾರ್ಡ್ ಇದೆ ಎಂಬುದು ಬೆಂಗಳೂರಿನಲ್ಲಿರುವ ಮಗನ ಧೈರ್ಯ. ಅಜ್ಜನನ್ನೇ ಕೇಳಿದರೆ "ನಂಗೇನಾಗಿದೆ, ಫಸ್ಟ್ ಕ್ಲಾಸ್ ಇದ್ದೀನಿ" ಅನ್ನುತ್ತಾರೆ. ನೋವು ಹೇಳಿಕೊಳ್ಳುವುದು ಅವರಿಗೆ ಅಭ್ಯಾಸವೇ ಇಲ್ಲ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ, ಅಷ್ಟೇ.

ಒಂದು ಮನೆಯಲ್ಲಿ ಅಜ್ಜನಿಗೆ ಮರೆವಿನ ಕಾಯಿಲೆ ಬಂದಿದೆ ಅಂತ ಸೊಸೆ ಹೇಳಿದರು. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆ, ಸುಮ್ನೆ ಒಬ್ಬರೇ ಕೂರುತ್ತಾರೆ, ರೇಗುತ್ತಾರೆ. ನಾನು ಎದುರಿಗೆ ಕೂತು, ನನ್ನ ತುಟಿ ಅವರಿಗೆ ಕಾಣುವ ಹಾಗೆ ನಿಧಾನವಾಗಿ ಮಾತಾಡಿದೆ. ಪಟಪಟ ಅಂತ ಉತ್ತರ ಬಂತು. ಅವರು ಆರ್ಟಿಲರಿಯಲ್ಲಿದ್ದವರು. ವರ್ಷಗಟ್ಟಲೆ ತೋಪಿನ ಪಕ್ಕ ನಿಂತು ಕಿವಿ ಹೋಗಿತ್ತು. ಪಾಲಿಕ್ಲಿನಿಕ್‌ನಿಂದ ರೆಫರಲ್, ಅಂದರೆ ಮುಂದಿನ ಆಸ್ಪತ್ರೆಗೆ ಕಳಿಸುವ ಚೀಟಿ, ಪಡೆದರೆ ಕಿವಿ ಯಂತ್ರ ಸಿಗುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಮಾಜಿ ಸೈನಿಕರ ಮನೆಗೆ ಹೋಗುವ ನರ್ಸ್‌ಗಳಿಗೆ ನಾನು ಹೇಳುವುದು ಒಂದೇ: ಬಿಪಿ ನೋಡುವ ಮೊದಲು, ಯಾವ ರೆಜಿಮೆಂಟ್, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು ಕೇಳಿ. ಮಂಡಿನೋವು, ಕಿವಿ, ರಾತ್ರಿ ನಿದ್ದೆ ಬಾರದಿರುವುದು, ಸಂಜೆಯ ಕುಡಿತ, ಇದೆಲ್ಲಾ ಆ ಮಾತಿನ ನಡುವೆ ತಾನಾಗಿ ಹೊರಗೆ ಬರುತ್ತದೆ.

ಇನ್ನು ಕಾಗದದ ವಿಷಯ. ನನ್ನ ಸಮಯ ಜಾಸ್ತಿ ಹೋಗುವುದು ಇಲ್ಲೇ.

ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಶುರುವಾಗಿದ್ದು 2003ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನಿವೃತ್ತರಾದವರು ತಾವೇ ಅರ್ಜಿ ಹಾಕಿ ಸೇರಬೇಕಿತ್ತು. ದುಡ್ಡು ಕಟ್ಟಬೇಕಂತೆ ಅಂತ ಕೇಳಿ ಎಷ್ಟೋ ಜನ ಸುಮ್ಮನಾದರು. ಆದರೆ 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದವರು ಆ ವಂತಿಗೆ ಕಟ್ಟಬೇಕಾಗಿಯೇ ಇಲ್ಲ. ಎಂಬತ್ತು ದಾಟಿದ ಪಿಂಚಣಿದಾರರು ಕಾರ್ಡ್ ಇಲ್ಲದೆ ಮಾತ್ರೆಗೆ ಕೈಯಿಂದ ಖರ್ಚು ಮಾಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಹೊಸದೊಂದು ಗೊಂದಲ ಸೇರಿಕೊಂಡಿದೆ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸುತ್ತಾರೆ. ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆಯುಷ್ಮಾನ್ ಇರುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ, ವರ್ಷಕ್ಕೆ 5 ಲಕ್ಷದವರೆಗೆ. ಇಸಿಎಚ್‌ಎಸ್‌ನಲ್ಲಿ ದಿನನಿತ್ಯದ ಮಾತ್ರೆಯೂ ಸಿಗುತ್ತದೆ, ಚಿಕಿತ್ಸೆಗೆ ಇಷ್ಟೇ ಹಣ ಎಂಬ ಮಿತಿಯಿಲ್ಲ. ಶುಗರ್, ಬಿಪಿ ಇರುವ ಅಜ್ಜ ಇದನ್ನು ಬಿಟ್ಟು ಅದನ್ನು ಹಿಡಿದರೆ ನಷ್ಟ ಅವರಿಗೇ ಅಲ್ವಾ? ಪಂಚಾಯಿತಿಯಲ್ಲಿ ಕಾರ್ಡ್ ಮಾಡಿಸುವ ದಿನ ಇದನ್ನು ಹೇಳುವವರೊಬ್ಬರು ಅಲ್ಲಿ ಇರಬೇಕು.

ತುರ್ತು ಸ್ಥಿತಿಯಲ್ಲಿ ಏನು ಮಾಡಬೇಕು ಎಂಬುದೂ ಮನೆಯವರಿಗೆ ಗೊತ್ತಿರುವುದಿಲ್ಲ. ಇಸಿಎಚ್‌ಎಸ್‌ಗೆ ಸೇರಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು, ರೆಫರಲ್‌ಗೆ ಕಾಯಬೇಕಿಲ್ಲ. ಹತ್ತಿರದಲ್ಲಿ ಅಂಥದ್ದು ಇಲ್ಲದಿದ್ದರೆ ಬೇರೆ ಆಸ್ಪತ್ರೆಗೂ ಹೋಗಬಹುದು, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಒಬ್ಬ ಹವಾಲ್ದಾರರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಗ ಗಾಬರಿಯಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ. ಅದು ಸರಿಯೇ. ಆದರೆ ಆರು ದಿನ ಯಾರಿಗೂ ತಿಳಿಸಲಿಲ್ಲ. ಆಸ್ಪತ್ರೆಯವರೂ ಹೇಳಲಿಲ್ಲ. ಬಿಲ್ಲಿನ ಹಣಕ್ಕಾಗಿ ಆ ಮನೆಯವರು ಆಮೇಲೆ ಎಷ್ಟು ಓಡಾಡಿದರು ಎಂಬುದಕ್ಕೆ ನಾನೇ ಸಾಕ್ಷಿ. ಅಂದಿನಿಂದ ನಾವು ಪ್ರತಿ ಮಿಲಿಟ್ರಿ ಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸುತ್ತೇವೆ. ಪಾಲಿಕ್ಲಿನಿಕ್ ಫೋನ್ ನಂಬರ್, ಕಾರ್ಡ್ ನಂಬರ್, ತಿನ್ನುವ ಮಾತ್ರೆಗಳು, "48 ಗಂಟೆ" ಎಂಬ ದೊಡ್ಡ ಅಕ್ಷರ.

ಹೆಂಡತಿಯ ಹೆಸರಿನದು ಇದಕ್ಕಿಂತ ದೊಡ್ಡ ಕಷ್ಟ. ಪಿಂಚಣಿ ಆದೇಶದಲ್ಲಿ ಗೌರಮ್ಮ, ಆಧಾರ್‌ನಲ್ಲಿ ಗೌರಿ, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಎಷ್ಟೋ ಕಡೆ ಅವರ ಹುಟ್ಟಿದ ದಿನಾಂಕವೇ ದಾಖಲಾಗಿರುವುದಿಲ್ಲ. ಗಂಡ ಇರುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಹೋದ ಮೇಲೆ ಕುಟುಂಬ ಪಿಂಚಣಿ ನಿಂತು ಬಿಡುತ್ತದೆ. 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇಕಡ 20 ಜಾಸ್ತಿ ಸಿಗಬೇಕು, 85ಕ್ಕೆ 30, 90ಕ್ಕೆ 40, ಹೀಗೆ ಏರುತ್ತಾ ನೂರು ತುಂಬಿದಾಗ ಇನ್ನೊಂದು ಪಿಂಚಣಿಯಷ್ಟೇ ಸೇರುತ್ತದೆ. ಇದು ವಿಧವೆಯರಿಗೂ ಅನ್ವಯಿಸುತ್ತದೆ. ಹುಟ್ಟಿದ ದಿನಾಂಕವೇ ಇಲ್ಲದಿದ್ದರೆ ಅಜ್ಜಿಗೆ 80 ಆಯಿತು ಅಂತ ಕಂಪ್ಯೂಟರ್‌ಗೆ ಹೇಗೆ ತಿಳಿಯಬೇಕು? ತಿದ್ದಿಸಬೇಕಾದ್ದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ಸ್‌ನವರದು ಬೆಂಗಳೂರಿನಲ್ಲಿ. ಆರ್ಟಿಲರಿಯವರು ನಾಸಿಕ್‌ಗೆ ಬರೆಯಬೇಕು. ಎಪ್ಪತ್ತೆಂಟರ ಅಜ್ಜಿ ಒಬ್ಬರೇ ಮಾಡುವ ಕೆಲಸವೇ ಇದು? ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ದಾರಿ ಸಲೀಸು. ಆದರೆ ಗಂಡ ಬದುಕಿರುವಾಗಲೇ, ಅವರ ಸಹಿಯಲ್ಲೇ ಆಗಿಬಿಡಬೇಕು. ಈ ಮಾತು ಎತ್ತಿದರೆ ಸಾವಿನ ಮಾತು ಅಂತ ಮಕ್ಕಳು ಹಿಂಜರಿಯುತ್ತಾರೆ. ಅಜ್ಜಂದಿರು ಹಿಂಜರಿಯುವುದಿಲ್ಲ. "ಬರೀರಿ, ಸೈನ್ ಹಾಕ್ತೀನಿ" ಅಂತ ಕನ್ನಡಕ ಹುಡುಕುತ್ತಾರೆ.

ಪಿಂಚಣಿಯೇ ಇಲ್ಲದ ಮಾಜಿ ಸೈನಿಕರೂ ಇದ್ದಾರೆ ಎಂಬುದು ಊರಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಜವಾನರಿಗೆ ಪಿಂಚಣಿ ಬರಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆಯಾಗಿರಬೇಕು. ತಾಯಿಗೆ ಹುಷಾರಿಲ್ಲ, ತೋಟ ನೋಡುವವರಿಲ್ಲ ಅಂತ ಎಂಟು ಹತ್ತು ವರ್ಷಕ್ಕೆ ಬಿಟ್ಟು ಬಂದವರಿಗೆ ಪಿಂಚಣಿಯೂ ಇಲ್ಲ, ಇಸಿಎಚ್‌ಎಸ್ ಕೂಡ ಇಲ್ಲ. ಊರಿಗೆ ಮಾತ್ರ ಅವರೂ "ಮಿಲಿಟ್ರಿಯವರು". 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಇಂಥವರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯಿಂದ ಕಷ್ಟಕಾಲದ ನೆರವು ಇದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದು 2025ರ ನವೆಂಬರ್‌ನಿಂದ ಹಾಕುವ ಅರ್ಜಿಗಳಿಗೆ 8,000 ಆಗಿದೆ. ಅರ್ಜಿ ಹೋಗಬೇಕಾದ್ದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದಲೇ. ಆಯುಷ್ಮಾನ್ ಕಾರ್ಡ್ ಮೊದಲು ಸಿಗಬೇಕಾದ್ದು ಇವರಿಗೆ. ಆಶಾ ಕಾರ್ಯಕರ್ತೆ ಮೊದಲು ತಟ್ಟಬೇಕಾದ್ದೂ ಇವರ ಮನೆಯ ಬಾಗಿಲನ್ನೇ.

ಹಾಗಾದರೆ ಇದನ್ನೆಲ್ಲಾ ಜೋಡಿಸುವವರು ಯಾರು? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯ ದಾರಿ ಮುಚ್ಚಿದಾಗ ನಮಗೆ ಈ ಪ್ರಶ್ನೆ ಚೆನ್ನಾಗಿ ಮುಟ್ಟಿತು. ಯಾರ ಮನೆಯಲ್ಲಿ ಇನ್‌ಸುಲಿನ್ ಮುಗಿದಿದೆ ಅಂತ ಹೇಳುವ ಒಂದು ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಪಾಲಿಕ್ಲಿನಿಕ್‌ನಲ್ಲಿ ಹೆಸರುಗಳಿದ್ದವು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ಹೆಸರುಗಳು ಗೊತ್ತಿರಲಿಲ್ಲ.

ಆಮೇಲೆ ನಾವು ಕಂಡುಕೊಂಡ ಜಾಗ ಮಿಲಿಟ್ರಿ ಕ್ಯಾಂಟೀನ್, ಅಂದರೆ ಸೈನಿಕರಿಗೆ ಮನೆ ಸಾಮಾನು ಸಿಗುವ ಅಂಗಡಿ. ನಡೆಯಲು ಆಗುವವರೆಗೂ ಮಾಜಿ ಸೈನಿಕರು ಕ್ಯಾಂಟೀನ್ ತಪ್ಪಿಸುವುದಿಲ್ಲ. ಸಾಮಾನಿಗೆ ಎಷ್ಟೋ ಅಷ್ಟೇ ಹಳೆಯ ಗೆಳೆಯರಿಗಾಗಿಯೂ ಬರುತ್ತಾರೆ. ಎರಡು ತಿಂಗಳು ಮುಖ ಕಾಣಲಿಲ್ಲ, ಅಥವಾ ಅವರ ಬದಲು ಮಗ ಬಂದ ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಅರ್ಥ. ನಮ್ಮ ಕಡೆಯ ಮಾಜಿ ಸೈನಿಕರ ಸಂಘದಲ್ಲಿ ನಿವೃತ್ತ ನಾಯಕ್ ಒಬ್ಬರು ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಯಾರು ಬರಲಿಲ್ಲ, ಮನೆಗೆ ಜೀಪು ಹೋಗುತ್ತದೆಯೇ, ಪಕ್ಕದಲ್ಲಿ ಯಾರಿದ್ದಾರೆ. ಆ ಮನೆಯವರು ಒಪ್ಪಿದರೆ ಹೆಸರು ನಮಗೂ ಬರುತ್ತದೆ, ಆಶಾಗೂ ಹೋಗುತ್ತದೆ. ಪಾಲಿಕ್ಲಿನಿಕ್‌ನಿಂದ ಮಾತ್ರೆ ತರುವುದು, ಮಾತ್ರೆ ಇಲ್ಲ ಅಂದರೆ ಹಾಗಂತ ಚೀಟಿಯ ಮೇಲೆ ಬರೆಸಿಕೊಳ್ಳುವುದು, ಪಿಂಚಣಿದಾರರು ಬದುಕಿದ್ದಾರೆ ಎನ್ನಲು ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರ, ಇದೆಲ್ಲಾ ಆ ನೋಟ್‌ಬುಕ್ಕಿನಲ್ಲೇ ಹಂಚಿಕೆಯಾಗುತ್ತದೆ. ಆ ಪ್ರಮಾಣಪತ್ರಕ್ಕೆ ಕಾಫಿ ತೋಟದಲ್ಲಿ ದುಡಿದ ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ ಮೊಮ್ಮಗಳ ಫೋನಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಅಂಚೆಯಣ್ಣ ಮನೆಗೇ ಬಂದು 70 ರೂಪಾಯಿಗೆ ಮಾಡಿಕೊಡುತ್ತಾರೆ.

ನಿಮ್ಮ ಊರಿನಲ್ಲಿ ಕ್ಯಾಂಟೀನ್ ಹತ್ತಿರ ಇಲ್ಲದಿರಬಹುದು. ಹಾಲಿನ ಡೇರಿ ಇರುತ್ತದೆ, ನ್ಯಾಯಬೆಲೆ ಅಂಗಡಿ ಇರುತ್ತದೆ, ಸ್ವಾತಂತ್ರ್ಯ ದಿನದ ಧ್ವಜಾರೋಹಣ ಇರುತ್ತದೆ. ಹೋದ ವರ್ಷ ಮೆಡಲ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದವರು ಈ ವರ್ಷ ಬಂದಿಲ್ಲವೇ? ಧ್ವಜ ಇಳಿಸುವುದರೊಳಗೆ ಒಬ್ಬರು ಅವರ ಮನೆಗೆ ಹೋಗಿ ಬರಬಹುದು. ಟ್ರಂಕ್ ತೆಗೆಸಿ, ಅಜ್ಜಿಯ ಹೆಸರು ಎಲ್ಲೆಲ್ಲಿ ಹೇಗಿದೆ ಅಂತ ಒಮ್ಮೆ ಓದಿಸಿಕೊಂಡು ಬನ್ನಿ.