ಮಿಟ್ರಲ್ ಕವಾಟದ ಎಕೋ: ಅರ್ಧ ಎಂದರೆ ಯಾವುದರ ಅರ್ಧ?

ರುಮ್ಯಾಟಿಕ್ ಹೃದ್ರೋಗದ ಎಕೋ (ಹೃದಯದ ಅಲ್ಟ್ರಾಸೌಂಡ್) ಕಲಿಯುವಾಗ ಎರಡು ದಿನ ನನ್ನನ್ನು ಮುಂದೆ ಹೋಗಲು ಬಿಡದಿದ್ದದ್ದು ‘ಪ್ರೆಷರ್ ಹಾಫ್ ಟೈಮ್’. ನಿನ್ನೆ ರಾತ್ರಿ ಆ ಗಂಟು ಬಿಚ್ಚಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಜಾಗದಲ್ಲಿ ಎಡವಿದವರಿಗೂ ಉಪಯೋಗವಾಗಲಿ.

ಗುಂಪು ‘ಎ’ ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕು, ಅದರ ಬೆನ್ನಿಗೆ ರುಮ್ಯಾಟಿಕ್ ಜ್ವರ, ಜ್ವರ ಮರುಕಳಿಸಿದಂತೆ ಕವಾಟದ ಹಾನಿ: ಈ ಸರಣಿ ಎಲ್ಲರಿಗೂ ಗೊತ್ತಿರುತ್ತದೆ. ಎಕೋದಲ್ಲಿ ಮೊದಲು ಹುಡುಕಬೇಕಾದದ್ದು ಕವಾಟದ ಆಕಾರ. ಎಡ ಹೃತ್ಕರ್ಣಕ್ಕೂ (ಮೇಲಿನ ಕೋಣೆ) ಎಡ ಹೃತ್ಕುಕ್ಷಿಗೂ (ಕೆಳಗಿನ ಕೋಣೆ) ನಡುವೆ ಇರುವ ಮಿಟ್ರಲ್ ಕವಾಟದ ಎಸಳುಗಳು ಅಂಚಿನಲ್ಲಿ ಬೆಸೆದುಕೊಂಡಿರುತ್ತವೆ, ನಡುಭಾಗ ಇನ್ನೂ ಮೆತ್ತಗಿರುತ್ತದೆ. ಹಾಗಾಗಿ ರಕ್ತ ನುಗ್ಗಿದಾಗ ಮುಂದಿನ ಎಸಳಿನ ಹೊಟ್ಟೆ ಉಬ್ಬುತ್ತದೆ, ತುದಿ ಮಾತ್ರ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಹಾಕಿ ಕೋಲಿನ ಬಾಗು ಎನ್ನುವುದು ಇದನ್ನೇ. ಅಡ್ಡನೋಟದಲ್ಲಿ ರಂಧ್ರ ಮೀನಿನ ಬಾಯಿಯಂತೆ ಕಾಣುತ್ತದೆ.

ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಹರಿಯುವುದೇ ಸೋರಿಕೆ; ಸ್ಟೆತಾಸ್ಕೋಪಿಗೆ ಕೇಳದ ಸೋರಿಕೆಯೂ ಲೆಕ್ಕಕ್ಕೆ ಬರುತ್ತದೆ. ರುಮ್ಯಾಟಿಕ್ ಜ್ವರವನ್ನು ಗುರುತಿಸಲು ಬಳಸುವ, 2015ರಲ್ಲಿ ಪರಿಷ್ಕರಿಸಿದ ಜೋನ್ಸ್ ಮಾನದಂಡಗಳು ಎಕೋದಲ್ಲಷ್ಟೇ ಕಾಣುವ ಹೃದಯದ ಉರಿಯೂತವನ್ನೂ ಒಪ್ಪಿಕೊಂಡಿವೆ. ಆದರೆ ರಕ್ತದ ಹರಿವನ್ನು ತೋರಿಸುವ ಬಣ್ಣದ ಡಾಪ್ಲರ್‌ನಲ್ಲಿ ಒಂದು ಎಳೆ ಕಂಡ ಮಾತ್ರಕ್ಕೆ ರೋಗವೆನ್ನುವಂತಿಲ್ಲ, ಆರೋಗ್ಯವಂತ ಮಕ್ಕಳಲ್ಲೂ ಸಣ್ಣ ಸೋರಿಕೆ ಇರುತ್ತದೆ. ವರ್ಲ್ಡ್ ಹಾರ್ಟ್ ಫೆಡರೇಶನ್‌ನ 2012ರ ಮಾನದಂಡದ ಪ್ರಕಾರ ಮಿಟ್ರಲ್ ಸೋರಿಕೆ ಎರಡು ನೋಟಗಳಲ್ಲಿ ಕಾಣಬೇಕು, ಒಂದರಲ್ಲಾದರೂ 2 ಸೆಂ.ಮೀ. ಉದ್ದವಿರಬೇಕು, ವೇಗ ಸೆಕೆಂಡಿಗೆ 3 ಮೀಟರ್ ಮುಟ್ಟಬೇಕು, ಸಂಕೋಚನದ ಉದ್ದಕ್ಕೂ ಇರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಅದು ರೋಗದ ಸೋರಿಕೆಯಲ್ಲ. 2023ರ ಪರಿಷ್ಕರಣೆಯಲ್ಲಿ 30 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಉದ್ದದ ಮಿತಿ 1.5 ಸೆಂ.ಮೀ.

ಈಗ ಆ ಗಂಟು. ಕವಾಟ ಕಿರಿದಾದಾಗ ಎಡ ಹೃತ್ಕರ್ಣ ನಿಧಾನವಾಗಿ ಖಾಲಿಯಾಗುತ್ತದೆ, ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಒತ್ತಡದ ವ್ಯತ್ಯಾಸ ನಿಧಾನವಾಗಿ ಇಳಿಯುತ್ತದೆ. ಆ ವ್ಯತ್ಯಾಸ ಅರ್ಧಕ್ಕಿಳಿಯಲು ಎಷ್ಟು ಮಿಲಿಸೆಕೆಂಡ್ ಬೇಕೋ ಅದೇ ಹಾಫ್ ಟೈಮ್. 220ನ್ನು ಅದರಿಂದ ಭಾಗಿಸಿದರೆ ರಂಧ್ರದ ವಿಸ್ತೀರ್ಣ ಚದರ ಸೆಂ.ಮೀ.ನಲ್ಲಿ ಸಿಗುತ್ತದೆ. ಇಷ್ಟು ಸುಲಭ.

ನಾನು ಮಾಡುತ್ತಿದ್ದ ತಪ್ಪು ಇದು: ಡಾಪ್ಲರ್ ಅಲೆಯ ಶಿಖರ ಸೆಕೆಂಡಿಗೆ 2 ಮೀಟರ್ ಇದ್ದರೆ, ಇಳಿಜಾರಿನಲ್ಲಿ 1 ಮೀಟರ್ ಬರುವ ಬಿಂದುವನ್ನು ಗುರುತಿಸುತ್ತಿದ್ದೆ. ಆದರೆ ಪರದೆಯ ಮೇಲಿರುವುದು ವೇಗ, ಒತ್ತಡವಲ್ಲ. ಒತ್ತಡ ವೇಗದ ವರ್ಗದ ನಾಲ್ಕು ಪಟ್ಟು. ವೇಗ 2 ಇದ್ದಾಗ ಒತ್ತಡದ ವ್ಯತ್ಯಾಸ 16 ಮಿ.ಮೀ. ಪಾದರಸ. ಅದರ ಅರ್ಧ 8. ಒತ್ತಡ 8 ಆಗಬೇಕಾದರೆ ವೇಗದ ವರ್ಗ 2 ಆಗಬೇಕು, ಅಂದರೆ ವೇಗ 1.41. ವೇಗ 1ಕ್ಕೆ ಇಳಿಯುವ ಹೊತ್ತಿಗೆ ಒತ್ತಡ 4ಕ್ಕೆ ಬಂದಿರುತ್ತದೆ, ಅದು ಕಾಲುಭಾಗ! ಆದ್ದರಿಂದ ಶಿಖರದ ವೇಗವನ್ನು 0.7ರಿಂದ ಗುಣಿಸಿ, ಬಂದ ವೇಗವನ್ನು ಇಳಿಜಾರಿನ ಮೇಲೆ ಹುಡುಕಬೇಕು.

ಈ ತಪ್ಪಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿದಾಗ ನಿಜಕ್ಕೂ ಭಯವಾಯಿತು. ಶಿಖರದಿಂದ ಸೊನ್ನೆಯವರೆಗೆ ಇಳಿಜಾರನ್ನು ನೇರ ಗೆರೆಯಾಗಿ ಎಳೆದರೆ 450 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಸರಿಯಾದ ಹಾಫ್ ಟೈಮ್ ಅದರ 0.293 ಪಾಲು, ಸುಮಾರು 132, ವಿಸ್ತೀರ್ಣ 1.67. ನನ್ನ ತಪ್ಪು ದಾರಿಯಲ್ಲಿ 225, ವಿಸ್ತೀರ್ಣ 0.98. ಸಹಜ ಕವಾಟ 4ರಿಂದ 6 ಚ.ಸೆಂ.ಮೀ., 1.5 ಮತ್ತು ಅದಕ್ಕಿಂತ ಕಡಿಮೆ ತೀವ್ರ, 1 ಮತ್ತು ಅದಕ್ಕಿಂತ ಕಡಿಮೆ ಅತಿ ತೀವ್ರ. ತೀವ್ರವಲ್ಲದ ರೋಗಿಯನ್ನು ಒಂದು ಬಿಂದುವಿನ ತಪ್ಪಿನಿಂದ ಅತಿ ತೀವ್ರದ ಪಟ್ಟಿಗೆ ಸೇರಿಸುತ್ತಿದ್ದೆ.

220 ಎಲ್ಲಿಂದ ಬಂತು? ಸೂತ್ರದಿಂದಲ್ಲ, ರೋಗಿಗಳಿಂದ. ನಾರ್ವೆಯ ಲಿವ್ ಹಾಟ್ಲೆ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಡಾಪ್ಲರ್‌ನಿಂದ ಈ ಸಮಯವನ್ನು ಅಳೆದಾಗ, ಸುಮಾರು 220 ಮಿಲಿಸೆಕೆಂಡ್ 1 ಚ.ಸೆಂ.ಮೀ.ಗೆ ಹೊಂದಿತು. ಅನುಭವದಿಂದ ಸಿಕ್ಕ ಸಂಖ್ಯೆಯಾದ್ದರಿಂದಲೇ ಅದಕ್ಕೆ ಮಿತಿಗಳಿವೆ. ಜೊತೆಗೆ ಅಯೋರ್ಟಿಕ್ (ಮಹಾಪಧಮನಿಯ) ಕವಾಟದ ಸೋರಿಕೆ ಗಣನೀಯವಾಗಿದ್ದರೆ ಹೃತ್ಕುಕ್ಷಿ ಎರಡು ಕಡೆಯಿಂದ ತುಂಬುತ್ತದೆ, ವ್ಯತ್ಯಾಸ ಬೇಗ ಕುಸಿಯುತ್ತದೆ, ಕವಾಟ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರುಮ್ಯಾಟಿಕ್ ರೋಗದಲ್ಲಿ ಎರಡೂ ಕವಾಟಗಳು ಒಟ್ಟಿಗೆ ಕೆಡುವುದು ಅಪರೂಪವಲ್ಲವಾದ್ದರಿಂದ ಈ ಎಚ್ಚರ ಬೇಕೇ ಬೇಕು. ಇಳಿಜಾರು ಮೊದಲು ಕಡಿದಾಗಿ ಆಮೇಲೆ ಸಪಾಟಾದರೆ ಸಪಾಟಾದ ಭಾಗವನ್ನು ಆರಿಸಿ. ಏಟ್ರಿಯಲ್ ಫಿಬ್ರಿಲೇಶನ್ (ಹೃತ್ಕರ್ಣದ ಲಯ ತಪ್ಪಿದ ಬಡಿತ) ಇದ್ದರೆ ಕನಿಷ್ಠ ಐದು ಬಡಿತಗಳ ಸರಾಸರಿ ತೆಗೆಯಿರಿ. ಸರಾಸರಿ ಒತ್ತಡದ ವ್ಯತ್ಯಾಸ ಬರೆಯುವಾಗ ಪಕ್ಕದಲ್ಲೇ ಹೃದಯ ಬಡಿತದ ವೇಗವನ್ನೂ ಬರೆಯಿರಿ. ಬಡಿತ ಹೆಚ್ಚಿದರೆ ಅದೂ ಏರುತ್ತದೆ.

ಚಿಕಿತ್ಸೆಯ ಭಾಗ ನನಗೆ ಸುಲಭವಾಗಿತ್ತು. ಬಲೂನಿನಿಂದ ಕವಾಟ ಅಗಲಿಸುವ ಮೊದಲು ವಿಲ್ಕಿನ್ಸ್ ಅಂಕ: ಎಸಳಿನ ಚಲನೆ, ದಪ್ಪ, ಸುಣ್ಣದ ಶೇಖರಣೆ, ಕೆಳಗಿನ ತಂತುಗಳ ದಪ್ಪ, ಪ್ರತಿಯೊಂದಕ್ಕೂ 1ರಿಂದ 4. ಒಟ್ಟು 8 ಅಥವಾ ಕಡಿಮೆ ಇದ್ದರೆ ಒಳ್ಳೆಯ ಫಲದ ನಿರೀಕ್ಷೆ. ಅನ್ನನಾಳದ ಮೂಲಕ ಮಾಡುವ ಎಕೋದಲ್ಲಿ ಎಡ ಹೃತ್ಕರ್ಣದ ಕಿರುಚೀಲದಲ್ಲಿ ಹೆಪ್ಪುಗಟ್ಟಿದ ರಕ್ತ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಿಟ್ರಲ್ ಸೋರಿಕೆ ಮಧ್ಯಮಕ್ಕಿಂತ ಕಡಿಮೆ ಇರಬೇಕು.

ಬಲೂನು ಮುಗಿದ ತಕ್ಷಣ ಮಾತ್ರ ಹಾಫ್ ಟೈಮ್ ನಂಬಬೇಡಿ. ಹೃತ್ಕರ್ಣದ ಒತ್ತಡವೂ ಹಿಗ್ಗುವ ಗುಣವೂ ಥಟ್ಟನೆ ಬದಲಾಗಿರುತ್ತವೆ, 220ರ ಲೆಕ್ಕ ಹೊಂದುವುದಿಲ್ಲ. ಆಗ ಅಡ್ಡನೋಟದಲ್ಲಿ, ಎಸಳುಗಳ ತುದಿಯ ಮಟ್ಟದಲ್ಲೇ, ರಂಧ್ರದ ಅಂಚನ್ನು ನೇರವಾಗಿ ಗೆರೆ ಎಳೆದು ಅಳೆಯಬೇಕು. ಸ್ವಲ್ಪ ಮೇಲೆ ಸರಿದರೂ ರಂಧ್ರ ದೊಡ್ಡದಾಗಿ ಕಾಣುತ್ತದೆ. ಬೆಸುಗೆ ಯಾವ ಬದಿಯಲ್ಲಿ ಬಿಟ್ಟಿದೆ, ಹೊಸದಾಗಿ ಸೋರಿಕೆ ಶುರುವಾಗಿದೆಯೇ ಎಂಬುದೂ ಅದೇ ನೋಟದಲ್ಲಿ, ಬಣ್ಣದ ಡಾಪ್ಲರ್ ಹಾಕಿದರೆ ತಿಳಿಯುತ್ತದೆ.