ಪೈಥಾನ್ ಕ್ಲಾಸನ್ನು ಸಿಯಲ್ಲಿ ಬರೆಯುವಾಗ: ಹೊಸದನ್ನು ಇಟ್ಟ ಮೇಲೆಯೇ ಹಳೆಯದನ್ನು ಬಿಡಿ

ಕಾಸರಗೋಡಿನವರಾದ ನಮಗೆ ಉದಾಹರಣೆಗೆ ಅಡಿಕೆಯೇ ಇರಲಿ. ‘ಅಡಿಕೆ’ ಎಂಬ ಕ್ಲಾಸ್, ಅದಕ್ಕೆ ‘ತಳಿ’ ಎಂಬ ಒಂದೇ ಫೀಲ್ಡ್. ಸ್ಟ್ರಕ್ಟ್‌ನ ಮೊದಲ ಸಾಲು ಪೈಆಬ್ಜೆಕ್ಟ್_ಹೆಡ್ (ಪ್ರತಿ ಪೈಥಾನ್ ಆಬ್ಜೆಕ್ಟ್‌ಗೂ ಬೇಕಾದ ತಲೆಭಾಗ), ಅದರ ಕೆಳಗೆ ತಳಿಯ ಪಾಯಿಂಟರ್, ಅಂದರೆ ತಳಿ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ. ಕ್ಲಾಸನ್ನು ವರ್ಣಿಸುವ ಟೈಪ್ ಸ್ಟ್ರಕ್ಟನ್ನು ತುಂಬಿಸಿ ಪೈಟೈಪ್_ರೆಡಿಗೆ ಕೊಟ್ಟರೆ ಕ್ಲಾಸ್ ಸಿದ್ಧ.

ಇನ್‌ಸ್ಟನ್ಸ್ ಹುಟ್ಟುವುದು ಎರಡು ಹಂತಗಳಲ್ಲಿ. ಟಿಪಿ_ನ್ಯೂ ಮೆಮೊರಿ ಪಡೆಯುತ್ತದೆ. ಟಿಪಿ_ಅಲಾಕ್ ಅದನ್ನು ಸೊನ್ನೆಗಳಿಂದ ತುಂಬಿಸಿ ಕೊಡುವುದರಿಂದ ಆಗ ತಳಿ ನಲ್, ಅಂದರೆ ಏನನ್ನೂ ತೋರಿಸದ ಪಾಯಿಂಟರ್. ಬಳಿಕ ಟಿಪಿ_ಇನಿಟ್ ಬೆಲೆ ತುಂಬುತ್ತದೆ. ಆದರೆ ಇನಿಟ್ ಒಮ್ಮೆ ಮಾತ್ರ ಓಡುತ್ತದೆ ಎಂದು ನಂಬುವಂತಿಲ್ಲ. ಉಪಕ್ಲಾಸ್ ಅದನ್ನು ಕರೆಯದೆಯೇ ಇರಬಹುದು. ಇದ್ದ ಇನ್‌ಸ್ಟನ್ಸ್ ಮೇಲೆಯೇ ಯಾರಾದರೂ ಮತ್ತೆ ಕರೆಯಬಹುದು. ಆದ್ದರಿಂದ ಇನಿಟ್ ಶುರುವಾದಾಗ ತಳಿ ನಲ್ ಆಗಿದ್ದೀತು, ಮೊದಲೇ ಇಟ್ಟ ‘ಮಂಗಳ’ ಎಂಬ ತಳಿಯ ಹೆಸರೂ ಆಗಿದ್ದೀತು.

ಈಗ ಮಂಗಳದ ಜಾಗದಲ್ಲಿ ‘ಮೋಹಿತ್‌ನಗರ’ವನ್ನು ಇಡಬೇಕು (ಎರಡೂ ನಮ್ಮ ಸಿಪಿಸಿಆರ್‌ಐ, ಅಂದರೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೊಟ್ಟ ತಳಿಗಳು). ತನ್ನನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎಂಬ ಎಣಿಕೆ (ರೆಫರೆನ್ಸ್ ಕೌಂಟ್) ಪ್ರತಿ ಆಬ್ಜೆಕ್ಟ್‌ನಲ್ಲೂ ಇರುತ್ತದೆ. ಮೊದಲು ತೋಚುವ ಕ್ರಮ: ಹಳೆಯದರ ರೆಫರೆನ್ಸ್ ಇಳಿಸು, ಆಮೇಲೆ ಪಾಯಿಂಟರ್ ಬದಲಿಸು. ಇದರಲ್ಲಿ ತಪ್ಪೇನು ಎಂಬುದೇ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ರೆಫರೆನ್ಸ್ ಇಳಿಸುವುದೆಂದರೆ ಬರೀ ಒಂದು ಕಳೆಯುವುದಲ್ಲ. ಎಣಿಕೆ ಸೊನ್ನೆಗೆ ಬಂದರೆ ಆ ಸಾಲಿನಲ್ಲೇ, ಮುಂದಿನ ಸಾಲಿಗೆ ಹೋಗುವ ಮುನ್ನವೇ, ಹಳೆಯ ಆಬ್ಜೆಕ್ಟ್‌ನ ವಿಸರ್ಜನೆ ನಡೆಯುತ್ತದೆ. ಅದಕ್ಕೆ __ಡೆಲ್__ (ಆಬ್ಜೆಕ್ಟ್ ಸಾಯುವಾಗ ಓಡುವ ಮೆಥಡ್) ಇದ್ದರೆ ಇನ್ನಾರೋ ಬರೆದ ಪೈಥಾನ್ ಕೋಡ್ ನಡುವೆ ಓಡುತ್ತದೆ. ಆ ಕೋಡ್ ನಮ್ಮ ಅಡಿಕೆಯ ತಳಿಯನ್ನು ಓದಿತೆನ್ನಿ: ಪಾಯಿಂಟರ್ ಇನ್ನೂ ತೋರಿಸುತ್ತಿರುವುದು ಸಾಯುತ್ತಿರುವ ಆಬ್ಜೆಕ್ಟನ್ನೇ! ಸಾದಾ ಸ್ಟ್ರಿಂಗ್‌ನಲ್ಲಿ ಈ ಅಪಾಯವಿಲ್ಲ, ನಿಜ. ಆದರೆ ಸ್ಟ್ರಿಂಗ್‌ನ ಉಪಕ್ಲಾಸ್‌ಗೆ __ಡೆಲ್__ ಬರೆಯಲು ಯಾವ ಅಡ್ಡಿಯೂ ಇಲ್ಲ.

ಆದ್ದರಿಂದ ಕ್ರಮ ಹೀಗಿರಬೇಕು:

ಹಳೆ = ಸೆಲ್ಫ್->ತಳಿ;
ಸೆಲ್ಫ್->ತಳಿ = ಪೈ_ನ್ಯೂರೆಫ್(ಹೊಸ);
ಪೈ_ಎಕ್ಸ್‌ಡೆಕ್ರೆಫ್(ಹಳೆ);

ಮೂರನೆಯ ಸಾಲಿನಲ್ಲಿ ಯಾರ ಕೋಡ್ ಓಡಿದರೂ ಅದಕ್ಕೆ ಕಾಣುವುದು ಮೋಹಿತ್‌ನಗರವೇ. ಎಣಿಕೆ ಇಳಿಸುವ ಪೈ_ಡೆಕ್ರೆಫ್‌ನ ‘ಎಕ್ಸ್’ ಇರುವ ರೂಪವೇ ಬೇಕು, ಏಕೆಂದರೆ ಹಳೆಯದು ನಲ್ ಆಗಿರಬಹುದು; ಈ ರೂಪ ನಲ್ ಅನ್ನು ಸುಮ್ಮನೆ ಬಿಡುತ್ತದೆ. ಎಣಿಕೆ ಏರಿಸಿ ಅದೇ ಪಾಯಿಂಟರನ್ನು ಮರಳಿಸುವ ಪೈ_ನ್ಯೂರೆಫ್ ಬಂದದ್ದು ಪೈಥಾನ್ 3.10ರಲ್ಲಿ, ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಎಣಿಕೆ ಏರಿಸುವ ಪೈ_ಇನ್‌ಕ್ರೆಫ್ ಅನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ನನಗೆ ಅಚ್ಚುಮೆಚ್ಚಿನ ದಾರಿ ಪೈ_ಎಕ್ಸ್‌ಸೆಟ್‌ರೆಫ್ ಮ್ಯಾಕ್ರೋ: ಇದೇ ಕ್ರಮವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆದರೆ ಅದು ಹೊಸದರ ಎಣಿಕೆಯನ್ನು ತಾನಾಗಿ ಏರಿಸುವುದಿಲ್ಲ. ಪೈ_ನ್ಯೂರೆಫ್(ಹೊಸ) ಎಂದೇ ಕೊಡಬೇಕು.

ಅಡಿಕೆಯೇ ಸಾಯುವಾಗ ಓಡುವ ಟಿಪಿ_ಡಿಯಾಲಾಕ್‌ನಲ್ಲಿ ತಳಿಯನ್ನು ಬಿಟ್ಟು, ಆಮೇಲೆ ಮೆಮೊರಿಯನ್ನು ಮರಳಿಸುವ ಟಿಪಿ_ಫ್ರೀ ಕರೆಯಬೇಕು.

ಇನ್ನೊಂದು ಎಚ್ಚರಿಕೆ: ಒಂದು ಆಬ್ಜೆಕ್ಟ್ ಅಡಿಕೆಯೇ ಎಂದು ಪರೀಕ್ಷಿಸುವ ಪೈಆಬ್ಜೆಕ್ಟ್_ಈಸ್‌ಇನ್‌ಸ್ಟನ್ಸ್ ಹೌದಾದರೆ 1, ಅಲ್ಲವಾದರೆ 0, ದೋಷವಾದರೆ -1 ಕೊಡುತ್ತದೆ. ಸಿಯ ‘ಇಫ್’ಗೆ -1 ಕೂಡ ನಿಜವೇ. ಆದ್ದರಿಂದ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದು, ಮೊದಲು ಸೊನ್ನೆಗಿಂತ ಕಡಿಮೆಯೇ ಎಂದು ನೋಡಿ.